ಟಂಟಂ ಬಾಡಿಗೆಗೆ ರಸೀದಿ ಎಲ್ಲಿ?

ನಮ್ಮ ಅವ್ವನ ಹೆಸರಿನಲ್ಲಿ ಒಂದು ಟ್ರಸ್ಟ್ ಇದೆ. ಟ್ರಸ್ಟ್ ಎಂದ ಕೂಡಲೇ ದೊಡ್ಡ ಕಟ್ಟಡ, ನುಣುಪು ಕಾಗದದ ವಾರ್ಷಿಕ ವರದಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಕಲಬುರಗಿಯಲ್ಲಿರುವ ಅಣ್ಣನ ಮನೆಯ ಕಬ್ಬಿಣದ ಅಲಮಾರಿಯ ಕೆಳಗಿನ ಖಾನೆಯೇ ಅದರ ಕಚೇರಿ. ಅಪ್ಪ ಕೊಂಡಿಟ್ಟಿದ್ದ ನಿವೇಶನ ಮಾರಿ ಬಂದ ಹಣದಲ್ಲಿ 25 ಲಕ್ಷ ರೂಪಾಯಿಯನ್ನು ನಾವು ಮೂವರು ಮಕ್ಕಳು ಹಂಚಿಕೊಳ್ಳದೆ ಠೇವಣಿ ಇಟ್ಟೆವು. ಬಡ್ಡಿ ವರ್ಷಕ್ಕೆ ಒಂದು ಮುಕ್ಕಾಲು ಲಕ್ಷದ ಆಸುಪಾಸು. ತೆರಿಗೆ ವಿನಾಯಿತಿ ಬೇಕೆಂದರೆ ಆದಾಯದ ಶೇ 85ರಷ್ಟನ್ನು ಟ್ರಸ್ಟಿನ ಉದ್ದೇಶಕ್ಕೆ ಖರ್ಚು ಮಾಡಬೇಕು ಎನ್ನುವುದು ಕಾನೂನು. ಹಾಗಾಗಿ ಮಾರ್ಚ್ ಸಮೀಪಿಸಿದಂತೆ ಹಣವಿಲ್ಲ ಎನ್ನುವುದಕ್ಕಿಂತ ಹಣ ಖರ್ಚಾಗಲಿಲ್ಲವಲ್ಲ ಎನ್ನುವುದೇ ನಮ್ಮ ಚಿಂತೆ. ಇಂಥ ಸುಖದ ಚಿಂತೆ ಅವ್ವನಿಗೆ ಜೀವಮಾನದಲ್ಲಿ ಒಂದು ದಿನವೂ ಇರಲಿಲ್ಲ.

ಟ್ರಸ್ಟಿಗಳು ನಾಲ್ವರು. ಅಣ್ಣ ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್. ತಮ್ಮ ವ್ಯಾಪಾರಿ. ನಾನು ಬ್ಯಾಂಕಿನಲ್ಲಿದ್ದವಳು, ಆದ್ದರಿಂದ ಲೆಕ್ಕಪತ್ರ ನನ್ನ ತಲೆಗೆ. ನಾಲ್ಕನೆಯವರು ಅತ್ತಿಗೆ. ಸಭೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಾತಾಡುವವರು ಅವರು. ತೀರ್ಮಾನವೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಮೊದಲ ಕೆಲವು ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಪ್ರತಿಭಾ ಪುರಸ್ಕಾರ. ಸಭಾಭವನ, ಹಾರ, ಶಾಲು, ಹಣ್ಣಿನ ಬುಟ್ಟಿ, ಶೇ 95 ತೆಗೆದ ಮಕ್ಕಳಿಗೆ ಚೆಕ್ಕು. ಮಕ್ಕಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ತಮ್ಮನಿಗೆ ಬಲು ಇಷ್ಟ. ನನಗೆ ಒಳಗೊಳಗೇ ಕಿರಿಕಿರಿ. ಶೇ 95 ತೆಗೆದ ಮಗುವಿಗೆ ಸನ್ಮಾನ ಮಾಡಲು ಊರಲ್ಲಿ ಜನ ಸಾಲುಗಟ್ಟಿ ನಿಂತಿರುತ್ತಾರೆ. ನಮ್ಮ ಐದು ಸಾವಿರ ಅಲ್ಲಿ ಹತ್ತರಲ್ಲಿ ಹನ್ನೊಂದನೆಯದು.

2024ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಉಡುಪಿ ಶೇ 94ರೊಂದಿಗೆ ಮೊದಲು, ನಮ್ಮ ಪಕ್ಕದ ಯಾದಗಿರಿ ಶೇ 50.59ರೊಂದಿಗೆ ಕಟ್ಟಕಡೆಗೆ. ಅಪ್ಪನ ಮೂಲ ಊರು ಆ ಜಿಲ್ಲೆಯದೇ. ಪತ್ರಿಕೆಯನ್ನು ಮಡಿಸಿಟ್ಟು ಅಣ್ಣ, ‘ಇದಕ್ಕೆ ನಾವೇನು ಮಾಡಲು ಸಾಧ್ಯ?’ ಎಂದ. ಅದು ಪ್ರಶ್ನೆಯಾಗಿರಲಿಲ್ಲ, ಮಾತು ಮುಗಿಸುವ ರೀತಿ ಅಷ್ಟೇ. ಅತ್ತಿಗೆ ಮಾತ್ರ ಅದನ್ನು ಪ್ರಶ್ನೆ ಎಂದೇ ತೆಗೆದುಕೊಂಡರು. ‘ಹೋಗಿ ನೋಡೋಣ. ಮನೆಯಲ್ಲಿ ಕೂತರೆ ಏನು ತಿಳಿಯುತ್ತದೆ?’ ಎಂದರು. ಹಾಗೆ ಜೂನ್‌ನ ಒಂದು ಬೆಳಗ್ಗೆ ನಾಲ್ವರೂ ತಮ್ಮನ ಕಾರಿನಲ್ಲಿ ಹೊರಟೆವು.

ಜೇವರ್ಗಿಯ ಹತ್ತಿರ ಭೀಮಾ ನದಿಯ ಸೇತುವೆ ದಾಟಿದ ಮೇಲೆ ಅಣ್ಣನ ಬಾಯಿಗೆ ಬೀಗವಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಕೆಲಸದಲ್ಲಿ ಸವೆದ ಜೀವ ಅದು. ಯಾವ ವಿತರಣಾ ನಾಲೆ ಎಲ್ಲಿ ಒಡೆದಿತ್ತು, ಯಾವ ಗುತ್ತಿಗೆದಾರ ಯಾವ ಗೇಟು ಇಟ್ಟಿದ್ದ ಎಂಬುದೆಲ್ಲ ಬಾಯಿಪಾಠ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ನಾನು ನೋಡುತ್ತಿದ್ದರೆ, ಅಣ್ಣ ಕಾಲುವೆಯ ಕೊನೆ ಭಾಗದ ರೈತರ ಗೋಳು ಹೇಳುತ್ತಿದ್ದ. ಮೇಲಿನವರು ಭತ್ತ ಹಾಕಿ ನೀರು ನಿಲ್ಲಿಸಿಕೊಳ್ಳುತ್ತಾರೆ, ಕಾಗದದ ಮೇಲೆ ಕೊನೆಯ ಎಕರೆಗೂ ನೀರಿರುತ್ತದೆ, ಹೊಲದಲ್ಲಿ ಇರುವುದಿಲ್ಲ. ‘ಡ್ಯಾಂ ಕಟ್ಟುವುದು ಕಷ್ಟವಲ್ಲ ತಂಗಿ, ಟೇಲ್ ಎಂಡ್‌ಗೆ ನೀರು ಮುಟ್ಟಿಸುವುದು ಕಷ್ಟ’ ಎನ್ನುವುದು ಅವನ ಪಲ್ಲವಿ. ಆ ದಿನ ನಾವು ನೋಡಲಿದ್ದುದೂ ಅದನ್ನೇ ಎಂದು ಅವನಿಗೂ ಗೊತ್ತಿರಲಿಲ್ಲ.

ಈ ಭಾಗ ಹಿಂದುಳಿದಿದೆ ಎನ್ನುವುದು ಯಾರಿಗೂ ಹೊಸ ಸುದ್ದಿಯಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಸುರಪುರ, ಶಹಾಪುರ, ಯಾದಗಿರಿ ಮೂರೂ ಅದರಲ್ಲಿದ್ದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರತ್ಯೇಕ ಮಂಡಳಿ ಬಂತು, ಮೀಸಲಾತಿ ಬಂತು. ಅಷ್ಟೆಲ್ಲ ಬಂದಿರುವ ಕಡೆ ಒಂದೂವರೆ ಲಕ್ಷ ಹಿಡಿದುಕೊಂಡು ಹೋಗುವ ಕುಟುಂಬಕ್ಕೆ ಏನು ಕೆಲಸ ಎಂದು ದಾರಿಯುದ್ದಕ್ಕೂ ನನಗೆ ಅನಿಸುತ್ತಲೇ ಇತ್ತು.

ಸುರಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯ ಗುರುಗಳು ಅಣ್ಣನಿಗೆ ಪರಿಚಯ. ಅವರು ನಮ್ಮನ್ನು ಕೂರಿಸಿ ಚಹಾ ತರಿಸಿ, ‘ಯಾರಿಗೆ ಸನ್ಮಾನ ಸರ್?’ ಎಂದು ಕೇಳಿದರು. ಪಾಸಾಗಿಯೂ ಮುಂದೆ ಓದದ ಮಕ್ಕಳ ಪಟ್ಟಿ ಬೇಕು ಎಂದರು ಅತ್ತಿಗೆ. ಗುರುಗಳು ಅವರ ಮುಖವನ್ನು ಒಂದು ಗಳಿಗೆ ನೋಡಿದರು. ಹಾಗೆ ಕೇಳಿಕೊಂಡು ಅಲ್ಲಿಯ ತನಕ ಯಾರೂ ಬಂದಿರಲಿಲ್ಲವಂತೆ. ಆಮೇಲೆ ಕಪಾಟಿನಿಂದ ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದು, ಪೆನ್ಸಿಲ್ ತುದಿಯನ್ನು ಒಂದೊಂದೇ ಹೆಸರಿನ ಮೇಲೆ ಇಡುತ್ತಾ ಹೋದರು. ‘ಇವನು ಬೆಂಗಳೂರು, ಸೆಂಟ್ರಿಂಗ್ ಕೆಲಸ. ಇವನೂ ಅಲ್ಲೇ. ಇವಳದು ಮದುವೆಯ ಮಾತು ನಡೆದಿತ್ತು, ನಾವು ಹೋಗಿ ನಿಲ್ಲಿಸಿದೆವು. ಇವಳು ಮನೆಯಲ್ಲಿ. ಇವಳೂ ಮನೆಯಲ್ಲಿ. ಇವರು ಮೂವರೂ ತಾಂಡಾದವರು.’ ತಾಂಡಾದ ಹೆಸರುಗಳ ಹತ್ತಿರ ಪೆನ್ಸಿಲ್ ಮುಂದೆ ಸರಿಯಲಿಲ್ಲ. ಈ ವರ್ಷವೂ ಅಲ್ಲಿಯ ಆರು ಹುಡುಗಿಯರು ಪಾಸಾಗಿದ್ದಾರೆ, ಇನ್ನೂ ಯಾರೂ ಪಿಯು ಅರ್ಜಿ ಹಾಕಿಲ್ಲ ಎಂದರು.

ಫೀಸಿನ ತೊಂದರೆಯೇ ಎಂದು ತಮ್ಮ ಕೇಳಿದ. ಚೆಕ್ ಪುಸ್ತಕ ಅವನ ಚೀಲದಲ್ಲೇ ಇತ್ತು. ಸರ್ಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕವಿಲ್ಲ. ಪುಸ್ತಕ ಹಿಂದಿನವರಿಂದ ಸಿಗುತ್ತದೆ. ವಿದ್ಯಾರ್ಥಿವೇತನವೂ ಬರುತ್ತದೆ, ತಡವಾದರೂ. ‘ತಾಂಡಾಕ್ಕೆ ಹೋಗಿ ಬನ್ನಿ ಸರ್, ತಿಳಿಯುತ್ತದೆ’ ಎಂದರು ಗುರುಗಳು.

ಮುಖ್ಯ ರಸ್ತೆಯಿಂದ ತಾಂಡಾಕ್ಕೆ ನಾಲ್ಕು ಕಿಲೋಮೀಟರ್. ಎರೆಮಣ್ಣಿನ ನಡುವೆ ಎಂದೋ ಡಾಂಬರು ಕಂಡಿದ್ದ ದಾರಿ. ಎರಡೂ ಬದಿಯಲ್ಲಿ ಹತ್ತಿ ಬಿತ್ತಲು ಹದ ಮಾಡಿಟ್ಟ ಹೊಲ. ತಾಂಡಾದಲ್ಲಿ ಅರ್ಧ ಮನೆಗಳಿಗೆ ಬೀಗ. ಗುಳೆ ಹೋದವರು ಯುಗಾದಿಗೆ ಬಂದು ಕೆಲವರು ಉಳಿದಿದ್ದರು, ಕೆಲವರು ಮತ್ತೆ ಹೊರಟುಹೋಗಿದ್ದರು. ನಾವು ಕೂತದ್ದು ಒಬ್ಬ ಅಜ್ಜಿಯ ಮನೆಯ ಮುಂದಿನ ಬೇವಿನ ಮರದ ಕೆಳಗೆ. ಮಗ-ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ, ಮೊಮ್ಮಗಳು ಅಜ್ಜಿಯ ಹತ್ತಿರ. ಅಜ್ಜಿ ಲಂಬಾಣಿಯಲ್ಲಿ ಉದ್ದಕ್ಕೆ ಮಾತಾಡುತ್ತಿದ್ದರು, ಮೊಮ್ಮಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದಳು. ನಡುನಡುವೆ ಅಜ್ಜಿಯ ಬೈಗುಳಗಳನ್ನು ಅವಳು ನುಂಗಿಕೊಂಡದ್ದು ನಮಗೆಲ್ಲ ತಿಳಿಯುತ್ತಿತ್ತು.

ಕೊನೆಗೆ ಅಜ್ಜಿಗೇ ತಾಳ್ಮೆ ತಪ್ಪಿ, ನೇರವಾಗಿ ಕನ್ನಡದಲ್ಲೇ ಕೇಳಿದರು: ‘ಟಿಕೆಟ್ ಪುಕ್ಕಟೆ ಎಂದು ಹೇಳುತ್ತಾರೆ. ಬಸ್ಸು ಎಲ್ಲಿದೆ ತಾಯಿ, ತೋರಿಸು!’

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅದನ್ನು ಬಳಸಿ ಪಟ್ಟಣದ ಕಾಲೇಜಿಗೆ ಹೋಗುವ ಹುಡುಗಿಯರನ್ನು ದಾರಿಯಲ್ಲಿ ನೋಡುತ್ತಲೇ ಬಂದಿದ್ದೆವು. ನಿಲ್ದಾಣ ನಿಲ್ದಾಣದಲ್ಲೂ ಬೆನ್ನಿಗೆ ಚೀಲ, ಕೈಯಲ್ಲಿ ಆಧಾರ್ ಕಾರ್ಡು. ಆದರೆ ಆ ಬಸ್ಸು ಮುಖ್ಯ ರಸ್ತೆಯಲ್ಲಿ ಸಾಗಿಹೋಗುತ್ತದೆ. ತಾಂಡಾಕ್ಕೆ ಬರುವ ಏಕೈಕ ಬಸ್ಸು ಬೆಳಗ್ಗೆ ಹತ್ತೂವರೆಗೆ. ಕಾಲೇಜು ಹತ್ತಕ್ಕೆ. ಸಂಜೆ ಮುಖ್ಯ ರಸ್ತೆಯಲ್ಲಿ ಇಳಿದರೆ ನಾಲ್ಕು ಕಿಲೋಮೀಟರ್ ನಡಿಗೆ, ಚಳಿಗಾಲದಲ್ಲಿ ಕತ್ತಲು. ಎಂಟನೆಯ ತರಗತಿಯ ಮಕ್ಕಳಿಗೆ 2006-07ರಿಂದ ಸರ್ಕಾರ ಕೊಡುತ್ತಿದ್ದ ಸೈಕಲ್ ಕೋವಿಡ್ ಕಾಲದಿಂದ ನಿಂತಿದೆ. ಹಾಸ್ಟೆಲ್ ಎಂದರೆ ಅಜ್ಜಿಯ ಜೊತೆಗೆ ಯಾರಿರಬೇಕು?

ಹೀಗೆ ಮೂರು ದೊಡ್ಡ ಯೋಜನೆಗಳ ನಡುವೆ ನಾಲ್ಕು ಕಿಲೋಮೀಟರ್ ಉಳಿದುಬಿಟ್ಟಿತ್ತು. ಅಣ್ಣ ಎದ್ದು ನಿಂತು ಆ ದಾರಿಯನ್ನೇ ನೋಡುತ್ತಿದ್ದ. ‘ಟೇಲ್ ಎಂಡ್’ ಎಂದ, ಅಷ್ಟೇ.

ತಾಂಡಾದ ಒಬ್ಬ ಹುಡುಗನ ಬಳಿ ಟಂಟಂ ಇದೆ ಎಂದು ತಿಳಿಯಿತು. ಸಂತೆಗೆ ಜನ, ಹೊಲಕ್ಕೆ ಕೂಲಿಯವರು, ಗೊಬ್ಬರದ ಚೀಲ ಎಲ್ಲವನ್ನೂ ಹೊರುವ ಮೂರು ಚಕ್ರದ ಗಾಡಿ. ಬೆಳಗ್ಗೆ ಎಂಟೂವರೆಗೆ ಆರು ಹುಡುಗಿಯರನ್ನು ಮುಖ್ಯ ರಸ್ತೆಗೆ ಬಿಟ್ಟು, ಸಂಜೆ ಬಸ್ಸು ಬರುವ ಹೊತ್ತಿಗೆ ಕರೆದುಕೊಂಡು ಬರಲು ಏನು ತೆಗೆದುಕೊಳ್ಳುತ್ತೀಯ ಎಂದು ತಮ್ಮ ಕೇಳಿದ. ತಿಂಗಳಿಗೆ ಆರು ಸಾವಿರ ಎಂದ ಅವನು. ತಮ್ಮನ ವ್ಯಾಪಾರಿ ರಕ್ತ ಎಚ್ಚೆತ್ತಿತು. ಹಣವಿರುವವರು ಬಡವನ ಜೊತೆ ಚೌಕಾಸಿಗೆ ಇಳಿದರೆ ನೋಡುವವರಿಗೆ ನಾಚಿಕೆ, ಆದರೆ ಆ ಹುಡುಗನಿಗೆ ಅದರಲ್ಲಿ ಖುಷಿಯೇ ಇದ್ದಂತಿತ್ತು. ಡೀಸೆಲ್ ಲೆಕ್ಕ, ಭಾನುವಾರದ ಲೆಕ್ಕ, ಹಬ್ಬದ ಲೆಕ್ಕ ಎಲ್ಲ ಮುಗಿದು ನಾಲ್ಕೂವರೆ ಸಾವಿರಕ್ಕೆ ನಿಂತಿತು. ಹತ್ತು ತಿಂಗಳಿಗೆ 45 ಸಾವಿರ. ನಮ್ಮ ಲೆಕ್ಕದೊಳಗೆ ಬರುವ ಮೊತ್ತವೇ.

ಅಣ್ಣನೇ ಅಡ್ಡ ಬಂದ. ಟ್ರಸ್ಟ್ ಪತ್ರದಲ್ಲಿ ಇರುವುದು ‘ವಿದ್ಯಾಭ್ಯಾಸಕ್ಕೆ ನೆರವು’. ನಮ್ಮ ಅರ್ಜಿ ನಮೂನೆಯಲ್ಲಿ ಶುಲ್ಕ, ಪುಸ್ತಕ, ಹಾಸ್ಟೆಲ್ ಎಂದು ಮೂರೇ ಕಲಮು. ಟಂಟಂ ಬಾಡಿಗೆ ವಿದ್ಯಾಭ್ಯಾಸ ಹೇಗಾಗುತ್ತದೆ? ಇಲಾಖೆಯಲ್ಲಿ ಆಕ್ಷೇಪಣೆಗಳನ್ನು ಬರೆದು ಬರೆದು ಅಭ್ಯಾಸವಾದ ಮನುಷ್ಯ.

ಅತ್ತಿಗೆ ಆಗ ಬಾಯಿ ತೆರೆದರು. ‘ನೀವು ಬೆಂಗಳೂರಿನಲ್ಲಿ ಓದುವಾಗ ಗುಬ್ಬಿ ತೋಟದಪ್ಪನವರು ನಿಮ್ಮ ಫೀಸು ಕಟ್ಟಿದರೇ? ಮಲಗಲು ಜಾಗ ಕೊಟ್ಟರು. ಅದು ವಿದ್ಯಾಭ್ಯಾಸ ಹೌದೋ ಅಲ್ಲವೋ?’

ಅಣ್ಣ ಎಂಜಿನಿಯರಿಂಗ್ ಓದಿದ್ದು ತೋಟದಪ್ಪನವರ ಉಚಿತ ವಿದ್ಯಾರ್ಥಿ ನಿಲಯದಲ್ಲಿದ್ದುಕೊಂಡು. ಅದರ ಹಿಂದಿನ ಕಥೆ ನನಗೆ ಇಷ್ಟ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ದುಡಿದ ಮನುಷ್ಯ, ತನ್ನ ಆಸ್ತಿಯನ್ನು ಧರ್ಮಕ್ಕೆ ಬಿಡಬೇಕು ಎಂದುಕೊಂಡಾಗ ಕಟ್ಟಿಸಿದ್ದು ರೈಲು ನಿಲ್ದಾಣದ ಎದುರಿಗೇ ಛತ್ರ. ನಾಲ್ವಡಿ ಕೃಷ್ಣರಾಜ ಒಡೆಯರ್ 1903ರಲ್ಲಿ ಅದನ್ನು ಉದ್ಘಾಟಿಸಿದರು. ಹಳ್ಳಿಯವನು ರೈಲಿಳಿದ ಕೂಡಲೇ ದಿಕ್ಕು ತಪ್ಪಿ ನಿಲ್ಲುವ ಜಾಗ ಯಾವುದು ಎಂದು ನೋಡಿ ಅಲ್ಲಿಯೇ ಹಣ ಹಾಕಿದವರು. ನಮ್ಮ ಉತ್ತರ ಭಾಗದಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ಇಡೀ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಉಯಿಲು ಬರೆದರು. ಎರಡೂ ಕಡೆ ಮೊದಲು ನೆರವು ಸಿಕ್ಕಿದ್ದು ಸ್ವಜನಾಂಗದ ಮಕ್ಕಳಿಗೆ ಎನ್ನುವುದನ್ನೂ ಮರೆಯಬಾರದು. ಆ ನೆರವಿನಿಂದ ಮೇಲೆ ಬಂದ ಅಣ್ಣ ಅಂದು ಲಂಬಾಣಿ ತಾಂಡಾದ ಬೇವಿನ ಮರದ ಕೆಳಗೆ ಕಲಮುಗಳ ಮಾತಾಡುತ್ತಿದ್ದ. ಅತ್ತಿಗೆಯ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ‘ಬರೆದುಕೋ’ ಎಂದು ನನಗೆ ಹೇಳಿ ಕಾರಿನ ಕಡೆ ನಡೆದ.

ನಿಜವಾದ ಅಡ್ಡಿ ಬಂದದ್ದು ಲೆಕ್ಕ ಪರಿಶೋಧಕರ ಹತ್ತಿರ. ‘ಮೇಡಂ, ಟಂಟಂ ಬಾಡಿಗೆಗೆ ರಸೀದಿ ಎಲ್ಲಿ?’ ದಿನಕ್ಕೆ ಹತ್ತು ಸಾವಿರ ಮೀರಿದ ನಗದು ಖರ್ಚನ್ನು ತೆರಿಗೆಯವರು ಒಪ್ಪುವುದಿಲ್ಲ ಎನ್ನುವುದು ನನಗೆ ಗೊತ್ತು, ನಮ್ಮದು ಆ ಮಿತಿಯೊಳಗೇ ಇತ್ತು. ಆದರೂ ಅವರಿಗೆ ಸಮಾಧಾನವಿಲ್ಲ. ಕೊನೆಗೆ ಒಂದು ದಾರಿ ಕಂಡುಕೊಂಡೆವು: ಬಾಡಿಗೆ ಬ್ಯಾಂಕಿನ ಮೂಲಕವೇ, ತಿಂಗಳ ಕೊನೆಗೆ ಒಂದು ವೋಚರ್, ಅದರ ಮೇಲೆ ಚಾಲಕನ ಸಹಿ, ಹುಡುಗಿಯರ ಸಹಿ, ಪಕ್ಕದಲ್ಲಿ ಕಾಲೇಜಿನ ಹಾಜರಿಯ ನಕಲು. ಮೊದಲ ವೋಚರ್ ಬಂದಾಗ ನೋಡಿದೆ. ಐದು ಹುಡುಗಿಯರು ಕನ್ನಡದಲ್ಲಿ ಸಹಿ ಹಾಕಿದ್ದರು. ಆ ಅಜ್ಜಿಯ ಮೊಮ್ಮಗಳು ಮಾತ್ರ ಇಂಗ್ಲಿಷಿನಲ್ಲಿ, ಕೆಳಗೆ ಎರಡು ಗೆರೆ ಎಳೆದು, ಬ್ಯಾಂಕ್ ಮ್ಯಾನೇಜರರ ಠೀವಿಯಲ್ಲಿ.

ಅದೇ ವರ್ಷ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನ ಸಿಗುವಂತೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ತಮ್ಮ ಪತ್ರಿಕೆ ಓದಿ, ‘ಅಕ್ಕಾ, ನಮ್ಮದು ಎಷ್ಟು ಸೊನ್ನೆ ಕಡಿಮೆ?’ ಎಂದು ನಕ್ಕ. ನನಗೆ ಹಾಗೆ ಅನಿಸಲಿಲ್ಲ. ಆ ಕೆಲಸ ಅವರೇ ಮಾಡಬೇಕು, ನಮ್ಮಂಥವರಿಂದ ಆಗದು. ಆದರೆ ಬಿಸಿಯೂಟವಾಗಲಿ ಮೊಟ್ಟೆಯಾಗಲಿ ಹತ್ತನೆಯ ತರಗತಿಗೆ ಮುಗಿಯುತ್ತದೆ. ಎಂಟೂವರೆಗೆ ಟಂಟಂ ಹತ್ತುವ ಹುಡುಗಿ ಸಂಜೆಯ ತನಕ ಏನು ತಿನ್ನುತ್ತಾಳೆ ಎಂಬುದನ್ನು ಸಾವಿರ ಕೋಟಿಯ ಮೇಜಿನ ಮೇಲೆ ಯಾರೂ ಕೇಳಲಾರರು. ಅದನ್ನು ಕೇಳಲು ತಾಂಡಾಕ್ಕೆ ಹೋಗಿ ಕೂರಬಲ್ಲ, ಮನೆಗೆ ಬರುವಷ್ಟರಲ್ಲಿ ತೀರ್ಮಾನ ಮಾಡಬಲ್ಲ ನಾಲ್ಕು ಜನ ಬೇಕು. ಸಣ್ಣ ಟ್ರಸ್ಟಿಗೆ ಇರುವ ಅನುಕೂಲ ಅದೊಂದೇ. ಅದನ್ನು ಬಿಟ್ಟು ನಾವೂ ಶಾಲು ಹೊದಿಸುತ್ತಾ ಕೂತರೆ ಆ ಹಣವನ್ನು ಹಂಚಿಕೊಂಡಿದ್ದರೇ ಚೆನ್ನಾಗಿತ್ತು.

ಎಲ್ಲವೂ ಸುಸೂತ್ರವಾಯಿತು ಎಂದು ಬರೆದರೆ ಸುಳ್ಳಾದೀತು. ಆಗಸ್ಟಿನ ಮಳೆಗೆ ಎರೆಮಣ್ಣಿನಲ್ಲಿ ಟಂಟಂ ಹೂತು ವಾರಗಟ್ಟಲೆ ಓಡಲಿಲ್ಲ. ಹತ್ತಿ ಬಿಡಿಸುವ ಕಾಲ ಬಂದಾಗ ಹಾಜರಿ ಅರ್ಧಕ್ಕೆ ಇಳಿಯಿತು. ಕಿಲೋ ಲೆಕ್ಕದ ಕೂಲಿ ಮನೆಗೆ ಬರುವ ದಿನಗಳಲ್ಲಿ ಯಾವ ವೋಚರೂ ಅದರ ಎದುರು ನಿಲ್ಲುವುದಿಲ್ಲ. ಒಬ್ಬಳನ್ನು ಅಪ್ಪ-ಅವ್ವ ಬೆಂಗಳೂರಿಗೆ ಕರೆಸಿಕೊಂಡರು, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು. ಉಳಿದ ಐವರು ದ್ವಿತೀಯ ಪಿಯುಗೆ ಬಂದರು. ಖಾಲಿಯಾದ ಜಾಗದಲ್ಲಿ ಚಾಲಕ ತಾನಾಗಿಯೇ ಹೈಸ್ಕೂಲಿನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ. ಅದು ಒಪ್ಪಂದದಲ್ಲಿ ಇಲ್ಲ ಎಂದು ಅಣ್ಣ ಗೊಣಗಿದ. ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.

ಟಂಟಂ ಹಿಂದೆ ಅವ್ವನ ಹೆಸರು ಬರೆಸಬೇಕು ಎಂದು ತಮ್ಮನ ಆಸೆ. ಅಲ್ಲಿ ಲಂಬಾಣಿಗರ ಸಂತ ಸೇವಾಲಾಲರ ಚಿತ್ರವಿದೆ, ಜಾಗವಿಲ್ಲ ಎಂದುಬಿಟ್ಟ ಚಾಲಕ. ಬೆಳಗಿನ ಬಸ್ಸನ್ನು ಎಂಟೂವರೆಗೆ ಬದಲಿಸಿ ಎಂದು ಮುಖ್ಯ ಗುರುಗಳು, ಪಂಚಾಯಿತಿಯವರು, ನಾವು ಸೇರಿ ಮನವಿ ಕೊಟ್ಟಿದ್ದೇವೆ. ಅದು ಬಂದ ದಿನ ನಮ್ಮ 45 ಸಾವಿರ ಉಳಿಯುತ್ತದೆ, ಹುಡುಗಿಯರ ಮಧ್ಯಾಹ್ನದ ಊಟಕ್ಕೆ ಹಾಕಬಹುದು ಎಂದು ನಾನು ಈಗಾಗಲೇ ಲೆಕ್ಕ ಹಾಕಿಟ್ಟಿದ್ದೇನೆ. ಅಲ್ಲಿಯ ತನಕ ಟಂಟಂ ಓಡಬೇಕು. ಈ ಬಾರಿ ಡೀಸೆಲ್ ನೆಪ ಹೇಳಿ ಅವನು ತಿಂಗಳಿಗೆ ಐನೂರು ಹೆಚ್ಚು ಕೇಳುತ್ತಿದ್ದಾನೆ. ತಮ್ಮ ಕೊಟ್ಟುಬಿಡೋಣ ಎನ್ನುತ್ತಾನೆ. ಅತ್ತಿಗೆ ಮುನ್ನೂರಕ್ಕಿಂತ ಮೇಲೆ ಏಳುತ್ತಿಲ್ಲ.