ಮನೆ ಚಿಕ್ಕಮಗಳೂರಿನಲ್ಲಿ, ಶಾಲೆ ಬೇಲೂರು ತಾಲ್ಲೂಕಿನಲ್ಲಿ: ಯಾಕೆ ಅಂತ ಕೇಳುವವರಿಗೆ

"ಮನೆ ಚಿಕ್ಕಮಗಳೂರಿಗೆ ಬಂತಲ್ಲ, ಮಕ್ಕಳನ್ನ ಇನ್ನೂ ಅಲ್ಲೇ ಯಾಕೆ ಓದಿಸ್ತಿದ್ದೀರಿ? ಜಿಲ್ಲೆನೇ ಬೇರೆ ಆಯ್ತಲ್ವಾ?" ನಮ್ಮ ಯಜಮಾನರಿಗೆ ಇಲ್ಲಿಗೆ ವರ್ಗವಾದಾಗಿನಿಂದ ನೆಂಟರು, ಅಕ್ಕಪಕ್ಕದವರು, ಬಸ್ಸಿನಲ್ಲಿ ಪರಿಚಯವಾದವರು ಎಲ್ಲರೂ ಕೇಳುವ ಮಾತಿದು. ಕೇಳುವವರಲ್ಲಿ ಎಷ್ಟೋ ಜನಕ್ಕೆ ತಮ್ಮದೇ ವರ್ಗಾವಣೆಯ ಚಿಂತೆ ಇರುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಜಿಲ್ಲೆಯ ಮಾತು. ಅಪ್ಪ ಅಮ್ಮ ಇರುವ ಜಿಲ್ಲೆಯಲ್ಲೇ ಮಗು ಓದಬೇಕು ಅನ್ನುವ ಕಟ್ಟಳೆ ಸಾಮಾನ್ಯ ಶಾಲೆಗಳಿಗೆ ಇಲ್ಲ. ನೋಡಬೇಕಾದ್ದು ದಾರಿಯನ್ನು. ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿ.ಮೀ.; ಬೇಲೂರಿನವರಿಗೆ ತಮ್ಮ ಜಿಲ್ಲಾ ಕೇಂದ್ರ ಹಾಸನವೇ ಇದಕ್ಕಿಂತ ದೂರ. ನಮ್ಮ ಮಕ್ಕಳ ಶಾಲೆ ಇದೇ ದಾರಿಯ ಒಂದು ಹಳ್ಳಿಯಲ್ಲಿದೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮಗಳಿಗೆ ಶಕ್ತಿ ಯೋಜನೆಯಲ್ಲಿ ದುಡ್ಡಿಲ್ಲ, ಮಗನಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಾಸು ಮಾಡಿಸಿದೆವು. ನಾವು ಹಾಸನದಿಂದಲೇ ಬಂದಿದ್ದರೆ ಒಂದು ಕಡೆಗೇ ಸುಮಾರು 60 ಕಿ.ಮೀ. ಮಕ್ಕಳನ್ನು ದಿನಾ ಅಷ್ಟು ದೂರ ಓಡಾಡಿಸುವುದನ್ನು ನಾನು ಒಪ್ಪುವುದಿಲ್ಲ. ಆಗ ಅಜ್ಜಿ ಮನೆಯಲ್ಲಿ ಬಿಡಬೇಕು, ಇಲ್ಲ ಶಾಲೆ ಬದಲಿಸಬೇಕು.

"ಸಿಲಬಸ್ ಎರಡು ಕಡೆನೂ ಒಂದೇ ತಾನೇ, ಎಲ್ಲಿ ಓದಿದರೇನು?" ಅನ್ನುತ್ತಾರೆ. ನಾನು ಶಾಲೆ ಬದಲಿಸದೆ ಇದ್ದದ್ದು ಆ ಕಾರಣಕ್ಕೇ. ಪುಸ್ತಕ ಒಂದೇ ಅಂದಮೇಲೆ ಎರಡು ಶಾಲೆಗಳ ನಡುವಿನ ವ್ಯತ್ಯಾಸವೆಲ್ಲ ಅಲ್ಲಿರುವ ಜನರಲ್ಲಿದೆ. ಮಗಳು ಒಂಬತ್ತನೇ ತರಗತಿ. ಅವಳು ತಲೆ ತಗ್ಗಿಸಿಕೊಂಡು ಸುಮ್ಮನೆ ಬರೆಯುತ್ತಿದ್ದಾಳೆ ಅಂದರೆ ಲೆಕ್ಕ ಅರ್ಥವಾಗಿಲ್ಲ ಅಂತ ಅವಳ ಗಣಿತದ ಮೇಷ್ಟ್ರಿಗೆ ಗೊತ್ತು. ಪಕ್ಕಕ್ಕೆ ಬಂದು ನಿಂತು ಮತ್ತೊಮ್ಮೆ ಹೇಳಿಕೊಡುತ್ತಾರೆ. ಹೊಸ ಶಾಲೆಯ ಮೇಷ್ಟ್ರು ಎಷ್ಟೇ ಒಳ್ಳೆಯವರಾಗಿರಲಿ, ಅವರಿಗೆ ಇದು ತಿಳಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದಿರುತ್ತದೆ. ಮಗ ಏಳನೇ ತರಗತಿ. ಅವನದು ಖೋ ಖೋ ತಂಡ, ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತ ಗೆಳೆಯರು. ದೊಡ್ಡವರು ಇದನ್ನು ಆಟದ ವಿಷಯ ಅಂತ ತಳ್ಳಿಹಾಕುತ್ತಾರೆ. ಮನೆ, ಬೀದಿ, ಊರು ಎಲ್ಲ ಒಟ್ಟಿಗೆ ಬದಲಾದ ವರ್ಷ ಮಗುವಿನ ಕೈಯಲ್ಲಿ ಒಂದಾದರೂ ಹಳೆಯದು ಉಳಿಯಬೇಕು ಅಂತ ನನಗನ್ನಿಸಿತು.

ಹಳ್ಳಿ ಶಾಲೆಯ ಮಕ್ಕಳಿಗೆ ಇನ್ನೊಂದು ಲೆಕ್ಕವಿದೆ, ಬಹಳ ಪೋಷಕರು ಇದನ್ನು ಗಮನಿಸುವುದಿಲ್ಲ. ಒಂದರಿಂದ ಹತ್ತರವರೆಗೆ ಪೂರ್ತಿ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಒಂಬತ್ತನೇ ತರಗತಿಗೆ ಪಟ್ಟಣದ ಶಾಲೆಗೆ ಹಾಕಿದರೆ ಅದುವರೆಗಿನ ಎಂಟು ವರ್ಷ ಹಳ್ಳಿಯಲ್ಲಿ ಓದಿದ್ದು ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲೆ ಬದಲಾದರೆ ತೊಂದರೆಯಿಲ್ಲ, ಹಳ್ಳಿಯಿಂದ ಪಟ್ಟಣಕ್ಕೆ ಬಂದರೆ ತೊಂದರೆ.

ಕಷ್ಟ ಇಲ್ಲವೇ ಅಂದರೆ ಇದೆ. ಮಳೆಗಾಲ ನಮಗೆ ದೊಡ್ಡ ಪರೀಕ್ಷೆ. ಜುಲೈನಲ್ಲಿ ಮಳೆಗೆ ರಜೆ ಕೊಡುವುದು ಆಯಾ ಜಿಲ್ಲಾಡಳಿತ, ಅದೂ ಎಷ್ಟೋ ಸಲ ತಾಲ್ಲೂಕುವಾರು. ಇಲ್ಲಿ ಹೊರಗೆ ಕಾಲಿಡಲಾಗದಂಥ ಮಳೆ, ಪಕ್ಕದ ಮನೆಯ ಮಕ್ಕಳಿಗೆ ರಜೆ. ಬೇಲೂರು ತಾಲ್ಲೂಕಿನಲ್ಲಿ ಶಾಲೆ ನಡೆಯುತ್ತಿರುತ್ತದೆ. ಅಂಥ ದಿನ ನಾನು ಕಳಿಸುವುದಿಲ್ಲ. ಕ್ಲಾಸ್ ಟೀಚರಿಗೆ ಫೋನ್ ಮಾಡಿ ಹೇಳುತ್ತೇನೆ, ಸಂಜೆ ಗೆಳತಿಯಿಂದ ನೋಟ್ಸ್ ಬರುತ್ತದೆ. ಸಂಜೆ ಬಸ್ಸು ತಡವಾದರೆ ಎದೆ ಡವಡವ ಅನ್ನುವುದಂತೂ ಇನ್ನೂ ನಿಂತಿಲ್ಲ. ದಾರಿಯ ಹಳ್ಳಿಯಲ್ಲಿ ಒಬ್ಬರು ಪರಿಚಯದವರ ಮನೆ ಗೊತ್ತುಮಾಡಿಕೊಂಡಿದ್ದೇವೆ. ಅಷ್ಟು ಏರ್ಪಾಡಿಲ್ಲದೆ ಈ ಸಾಹಸ ಬೇಡ.

ಮಗು ಐದನೇ ತರಗತಿಯಲ್ಲಿದ್ದು ನವೋದಯ ಪರೀಕ್ಷೆ ಬರೆಸುವ ಆಸೆ ಇದ್ದವರು ಮಾತ್ರ ನನ್ನ ಹಾಗೆ ಮಾಡಬೇಡಿ. ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿಯೋ ಅದೇ ಜಿಲ್ಲೆಯಲ್ಲಿ ವಾಸವೂ ಇರಬೇಕು, ಐದನೇ ತರಗತಿ ಓದುತ್ತಲೂ ಇರಬೇಕು. ಮನೆ ಒಂದು ಜಿಲ್ಲೆ, ಶಾಲೆ ಒಂದು ಜಿಲ್ಲೆ ಆದರೆ ಹಾಸನದ ನವೋದಯಕ್ಕೂ ಇಲ್ಲ, ಚಿಕ್ಕಮಗಳೂರಿನದಕ್ಕೂ ಇಲ್ಲ.

ಇನ್ನು, ಬದಲಿಸದೆ ಗತಿಯಿಲ್ಲದವರು. ತೋಟದ ಕೆಲಸಕ್ಕೆ ಸಕಲೇಶಪುರದ ಕಡೆಯಿಂದ ಮೂಡಿಗೆರೆಗೆ ನಡುವರ್ಷದಲ್ಲಿ ಬರುವ ಕುಟುಂಬಗಳಿಗೆ ಯಾವ ಆಯ್ಕೆಯೂ ಇಲ್ಲ. ಅವರಿಗೆ ಗೊತ್ತಿರಲೇಬೇಕಾದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಟಿಸಿ ಬರುವುದು ತಡವಾಯಿತು ಅಂತ ಎಂಟನೇ ತರಗತಿವರೆಗಿನ ಮಗುವನ್ನು ಸೇರಿಸಿಕೊಳ್ಳದೆ ಕಾಯಿಸುವಂತಿಲ್ಲ. ಹಳೆಯ ಶಾಲೆಯ ಮುಖ್ಯಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು. ಕೊಡದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಒಂಬತ್ತು, ಹತ್ತಕ್ಕೆ ಈ ಕಾಯ್ದೆಯ ಆಸರೆ ಇಲ್ಲ. ಆ ಎರಡು ವರ್ಷ ಆದಷ್ಟೂ ಕದಲಿಸಬೇಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಮಗನದು ಈ ವರ್ಷಕ್ಕೆ ಪ್ರೈಮರಿ ಮುಗಿಯುತ್ತದೆ, ಹೈಸ್ಕೂಲಿಗೆ ಹೇಗೂ ಟಿಸಿ ತೆಗೆಯಲೇಬೇಕು. ಅಕ್ಕನ ಜೊತೆ ಅಲ್ಲಿಗೇ ಹೋಗುತ್ತೀಯೋ, ಇಲ್ಲೇ ಸೇರುತ್ತೀಯೋ ಅಂತ ಅವನನ್ನೇ ಕೇಳಿದ್ದೇವೆ. ಬೇಸಿಗೆ ರಜೆಯ ತನಕ ಯೋಚಿಸಲಿ. ಇಲ್ಲೇ ಸೇರುತ್ತೇನೆ ಅಂದರೆ ಗ್ರಾಮೀಣ ಮೀಸಲಾತಿ ತಪ್ಪುತ್ತದೆ ಅಂತ ಗೊತ್ತಿದ್ದೂ ಸೇರಿಸುತ್ತೇವೆ.