‘ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತದೆಯೇ?’ ಎಂದು ಕೇಳುವವರಿಗೆ

ಮನೆಗೆ ಬಂದವರೆಲ್ಲ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಒಮ್ಮೆ ಬರೆದುಬಿಡುತ್ತೇನೆ. ನನ್ನ ಮೇಜಿನ ಮೇಲೆ ಹೆಡ್‌ಫೋನ್ ಆಂಪ್ಲಿಫೈಯರ್ ಇದೆ, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಎರಡು ಗಾಜಿನ ವಾಲ್ವ್‌ಗಳಿರುವಂಥದ್ದು. ಅಮೆರಿಕದ ಬಾಟಲ್‌ಹೆಡ್ ಕಂಪನಿಯ ‘ಕ್ರ್ಯಾಕ್’ ಎಂಬ ಕಿಟ್ ಅದು. ಟ್ರಾನ್ಸ್‌ಫಾರ್ಮರ್, ವಾಲ್ವ್, ತಂತಿ, ತಿರುಪು ಎಲ್ಲವೂ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ, ಬೆಸುಗೆ ಹಾಕಿ ಕಟ್ಟಿಕೊಳ್ಳುವುದು ನಮ್ಮ ಕೆಲಸ. ಅದರ ಕೆಂಪು ಬೆಳಕು ಕಂಡ ಕೂಡಲೇ ಪ್ರಶ್ನೆ ಸಿದ್ಧ: “ಇದರಲ್ಲಿ ಕೇಳಿದರೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತದೆಯೇ?”

ಗೊತ್ತಾಗುತ್ತದೆ. ಎಷ್ಟು, ಏಕೆ ಎಂಬುದನ್ನೂ ಅಂಕಿಗಳಲ್ಲೇ ಹೇಳುತ್ತೇನೆ. ಆದರೆ ಕೇಳುವ ಧಾಟಿ ನನಗೆ ಹಿಡಿಸುವುದಿಲ್ಲ. ಕೇಳುವವರು ಉತ್ತರವನ್ನು ಮೊದಲೇ ನಿರ್ಧರಿಸಿಕೊಂಡು ಬಂದಿರುತ್ತಾರೆ. ಒಂದೋ ನನ್ನನ್ನು ಯಾರೋ ಟೋಪಿ ಹಾಕಿ ಕಳಿಸಿದ್ದಾರೆ, ಇಲ್ಲವೇ ದುಡ್ಡು ಸುರಿದ ತಪ್ಪಿಗೆ ಚೆನ್ನಾಗಿದೆ ಎಂದು ನಾನೇ ನಂಬಿಕೊಂಡಿದ್ದೇನೆ. ತೋಟ ಮಾಡಿದವರನ್ನು “ನಿಮ್ಮ ಟೊಮೆಟೊ ನಿಜವಾಗಿಯೂ ಟೊಮೆಟೊ ರುಚಿಯೇ?” ಎಂದು ಯಾರೂ ಕೇಳುವುದಿಲ್ಲವಲ್ಲ!

ಗೌರಿ ಹಬ್ಬಕ್ಕೆ ನಮ್ಮ ಭಾವ ಬಂದಿದ್ದರು. ವಾಲ್ವ್‌ನ ಹತ್ತಿರ ಕೈ ತಂದು, “ಅಲ್ಲಯ್ಯಾ, ಇಷ್ಟು ಬಿಸಿಯಾಗುತ್ತದಲ್ಲ, ಇದರ ಮೇಲೆ ಕಾಫಿ ಕಾಯಿಸಬಹುದೇ?” ಎಂದರು. ನಾನೂ ನಕ್ಕೆ. ಆಮೇಲೆ ಜೇಬಿನಿಂದ ಮೊಬೈಲ್ ಜೊತೆ ಬಂದಿದ್ದ ಇಯರ್‌ಫೋನ್ ತೆಗೆದು ಸಿಕ್ಕಿಸಲು ಹೊರಟರು. “ಭಾವ, ಅದು ಇದಕ್ಕೆ ಹೊಂದುವುದಿಲ್ಲ, ಈ ಹೆಡ್‌ಫೋನ್ ಹಾಕಿಕೊಳ್ಳಿ” ಎಂದೆ. “ಇರಲಿ ಬಿಡಯ್ಯಾ, ನನ್ನ ಕಿವಿಗೆ ನನ್ನದೇ ಸರಿ” ಎಂದು ಅಲ್ಲೇ ಬಿದ್ದಿದ್ದ ಅಡಾಪ್ಟರ್ ಹಾಕಿ ಚುಚ್ಚಿಯೇಬಿಟ್ಟರು. ಒಂದು ಹಾಡಿನ ಪಲ್ಲವಿಯೂ ಮುಗಿದಿರಲಿಲ್ಲ, ಕಿವಿಯಿಂದ ಕಿತ್ತು, ಹಜಾರಕ್ಕೆಲ್ಲ ಕೇಳುವಂತೆ ಹೇಳಿದರು: “ಗುಂಯ್ ಎನ್ನುತ್ತದೆ. ಇದಕ್ಕಿಂತ ನನ್ನ ಮೊಬೈಲೇ ವಾಸಿ!” ಎಲ್ಲರೂ ಕಡುಬಿನ ಕಡೆ ತಿರುಗಿದರು. ನಮ್ಮ ಬಂಧುಬಳಗದಲ್ಲಿ ಆ ತೀರ್ಪೇ ಇವತ್ತಿಗೂ ಉಳಿದಿದೆ. ಮೇಲ್ಮನವಿಗೆ ಅವಕಾಶ ಸಿಕ್ಕಿಲ್ಲ, ಈಗ ಸಲ್ಲಿಸುತ್ತಿದ್ದೇನೆ.

ಭಾವ ಹೇಳಿದ್ದು ಸುಳ್ಳಲ್ಲ. ಆ ಇಯರ್‌ಫೋನ್‌ಗೆ ಮೊಬೈಲೇ ವಾಸಿ. ಈ ಆಂಪ್ಲಿಫೈಯರ್‌ನ ಹೊರದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ವಾಲ್ವ್‌ನ ಕ್ಯಾಥೋಡ್ ಎಂಬ ತುದಿಯಿಂದ ಒಂದು ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಭಾಗ) ಮೂಲಕ ಸಂಕೇತ ನೇರವಾಗಿ ಹೆಡ್‌ಫೋನ್‌ಗೆ ಹೋಗುತ್ತದೆ. ಹಾಗಾಗಿ ಇದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಹೋಗುವ ಸಂಕೇತಕ್ಕೆ ಇದು ತಾನೇ ಒಡ್ಡುವ ತಡೆ, ಸುಮಾರು 120 ಓಮ್. ನಾನು ಬಳಸುವ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ 300 ಓಮಿನದು. ವೋಲ್ಟೇಜು ಈ ಎರಡರ ನಡುವೆ ಹಂಚಿಹೋಗುವಾಗ ಶೇಕಡಾ 71ರಷ್ಟು ಹೆಡ್‌ಫೋನ್‌ಗೆ ಸಿಗುತ್ತದೆ. ಇಯರ್‌ಫೋನ್ 16 ಓಮಿನದಾದರೆ ಸಿಗುವುದು ಶೇಕಡಾ 12 ಮಾತ್ರ, ಉಳಿದದ್ದು ವಾಲ್ವ್‌ನಲ್ಲೇ ಕಳೆದುಹೋಗುತ್ತದೆ. ಅದು ಬೇಡುವಷ್ಟು ಕರೆಂಟನ್ನು ವಾಲ್ವ್ ಕೊಡಲಾರದೆ ಧ್ವನಿ ಒಡೆಯುತ್ತದೆ. ಜೊತೆಗೆ ಅಂಥ ಇಯರ್‌ಫೋನ್‌ಗಳ ಸೂಕ್ಷ್ಮತೆ ಎಷ್ಟೆಂದರೆ 300 ಓಮಿನ ಹೆಡ್‌ಫೋನ್‌ನಲ್ಲಿ ಕೇಳಿಸದ ಗುಂಯ್ ಎನ್ನುವ ಸದ್ದು ಅದರಲ್ಲಿ ಕೇಳಿಸುತ್ತದೆ. ಇದು ಯಂತ್ರದ ದೋಷವಲ್ಲ. ಒಂದು ಬಗೆಯ ಹೆಡ್‌ಫೋನ್‌ಗೆಂದೇ ಮಾಡಿದ್ದು, ಆ ಬಗೆಯದರಲ್ಲಿ ಕೇಳಬೇಕು.

ಸರಿಯಾದ ಹೆಡ್‌ಫೋನ್‌ನಲ್ಲಿ ಕೇಳಿದರೆ ಏನಾಗುತ್ತದೆ? ಮಂತ್ರವೇನೂ ನಡೆಯುವುದಿಲ್ಲ. ಎಚ್‌ಡಿ 600ರ 300 ಓಮ್ ಎಲ್ಲ ಸ್ವರಗಳಿಗೂ ಒಂದೇ ಅಲ್ಲ. 100 ಹರ್ಟ್ಸ್ ಆಸುಪಾಸಿನಲ್ಲಿ ಅದು 500 ಓಮ್ ದಾಟುತ್ತದೆ. ಎದುರಿಗೆ 120 ಓಮ್ ಇರುವಾಗ ಆ ಭಾಗಕ್ಕೆ ಸ್ವಲ್ಪ ಹೆಚ್ಚು ವೋಲ್ಟೇಜು ಸಿಗುತ್ತದೆ, ಸುಮಾರು 1 ಡೆಸಿಬೆಲ್‌ನಷ್ಟು. ಮೃದಂಗದ ಎಡಭಾಗದ ಗುಂಕಿ ಕೊಂಚ ತುಂಬಿಕೊಂಡು ಬರುವುದು ಇದರಿಂದ. ಇನ್ನೊಂದು, ಟ್ರಯೋಡ್ ಎಂಬ ಈ ಬಗೆಯ ವಾಲ್ವ್‌ಗಳು ಸಂಕೇತಕ್ಕೆ ಸೇರಿಸುವ ವಿರೂಪದಲ್ಲಿ ಎರಡನೆಯ ಹಾರ್ಮೋನಿಕ್ಕೇ ಹೆಚ್ಚು. ಎರಡನೆಯ ಹಾರ್ಮೋನಿಕ್ ಎಂದರೆ ದುಪ್ಪಟ್ಟು ಕಂಪನಾಂಕ. ಗಾಯಕರು ಮಧ್ಯ ಷಡ್ಜ ಹಿಡಿದರೆ ಅದರ ಜೊತೆ ತಾರ ಷಡ್ಜದ ಎಳೆಯೊಂದು ತೀರ ಸಣ್ಣಗೆ ಸೇರುತ್ತದೆ. ತಂಬೂರಿಯ ಶ್ರುತಿಯನ್ನು ದಿನವಿಡೀ ಕೇಳಿ ಬೆಳೆದ ಕಿವಿಗೆ ಅದು ಅಪಸ್ವರವಾಗಿ ತೋರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳನ್ನು ನಾನು ಇದರಲ್ಲಿ ಕೇಳುವುದು ಇಷ್ಟಪಟ್ಟು. ಅದು ‘ಹೆಚ್ಚು ನಿಖರ’ ಎಂದು ನಾನು ಯಾರಿಗೂ ಹೇಳಿಲ್ಲ. ಅಳತೆಯಲ್ಲಿ ಇದನ್ನು ಸೋಲಿಸುವ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳು ಬೇಕಾದಷ್ಟಿವೆ.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಗೆ ಮುಗಿಯಿತು.

ಯಾರಾದರೂ ಒಬ್ಬರು “ಇದನ್ನೊಮ್ಮೆ ತಿರುಗಿಸಿ ತೋರಿಸಿ” ಎನ್ನಬಾರದೇ ಎಂಬುದು ನನ್ನ ಆಸೆ. ಮೇಲೆ ಕಾಣುವುದು ಎರಡು ವಾಲ್ವ್ ಮತ್ತು ಒಂದು ಟ್ರಾನ್ಸ್‌ಫಾರ್ಮರ್ ಅಷ್ಟೆ. ಅದರಲ್ಲಿ ನನ್ನ ಕೆಲಸ ಏನೂ ಇಲ್ಲ. ಎಲ್ಲವೂ ಇರುವುದು ಅಡಿಯಲ್ಲಿ. ಮೂಲ ಕಿಟ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಇಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ತಂತಿ ಎಳೆದು, ತಗಡಿನ ಕಿವಿಗೆ ಸುತ್ತಿ, ಬೆಸುಗೆ ಹಾಕಿದ್ದು. ಗೋಡೆಯಿಂದ ಬಂದ ಕರೆಂಟು ಎಲ್ಲಿ ಹೊಕ್ಕು ಎಲ್ಲಿ ಹೊರಟಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು, ಪ್ಲಗ್ ತೆಗೆದ ಮೇಲೆ. ನನ್ನ ಮೊಬೈಲಿನೊಳಗೆ ನನಗೆ ಗೊತ್ತಿರುವ ಒಂದು ಭಾಗವೂ ಇಲ್ಲ. ಇದರಲ್ಲಿ ನನಗೆ ಗೊತ್ತಿಲ್ಲದ ಒಂದು ಭಾಗವೂ ಇಲ್ಲ. ನಾನು ಕೊಂಡುಕೊಳ್ಳದೆ ಕಟ್ಟಿದ್ದು ಅದಕ್ಕಾಗಿ.

ತಿರುಗಿಸಿದರೆ ಮೊದಲು ತೋರಿಸುವುದು ಚೋಕ್. ಟ್ಯೂಬ್‌ಲೈಟಿಗೆ ಹಿಂದೆ ಹಾಕುತ್ತಿದ್ದರಲ್ಲ, ಅದೇ ಜಾತಿಯದು, ಕಬ್ಬಿಣದ ತಿರುಳಿಗೆ ಸುತ್ತಿದ ತಂತಿ. ಕಿಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು) ವೋಲ್ಟೇಜನ್ನು ಸೋಸುವ ಜಾಗದಲ್ಲಿ ರೆಸಿಸ್ಟರ್ ಇರುತ್ತದೆ, ನಾನು ಅದರ ಬದಲು ಚೋಕ್ ಹಾಕಿದ್ದೇನೆ. ನಮ್ಮ 50 ಹರ್ಟ್ಸ್ ಕರೆಂಟನ್ನು ಡಿಸಿಗೆ ಬದಲಿಸಿದಾಗ ಉಳಿಯುವ ಅಲುಗಾಟ 100 ಹರ್ಟ್ಸ್‌ನದು, ಅದನ್ನು ಚೋಕ್ ಹೆಚ್ಚು ಚೆನ್ನಾಗಿ ತಡೆಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಚೋಕ್‌ಗೂ ತಾಗುತ್ತದೆ. ಮೇಲ್ತಟ್ಟೆಯ ಅಲ್ಯುಮಿನಿಯಮ್ ಅದನ್ನು ತಡೆಯುವುದಿಲ್ಲ. ಹಾಗಾಗಿ ಚೋಕ್ ಎಲ್ಲಿ ಕೂರಬೇಕು, ಯಾವ ಕಡೆ ಮುಖ ಮಾಡಬೇಕು ಎಂಬುದು ಮುಖ್ಯ. ಅದನ್ನು ಕಿವಿಯೇ ಹೇಳುತ್ತದೆ. ಟ್ರಾನ್ಸ್‌ಫಾರ್ಮರ್‌ನ ಹೊರತುದಿಗಳನ್ನೆಲ್ಲ ಬಿಚ್ಚಿ ಟೇಪ್ ಸುತ್ತಿ ಭದ್ರಪಡಿಸಿ, ಅದಕ್ಕೆ ಮಾತ್ರ ಕರೆಂಟು ಕೊಡಬೇಕು. ಚೋಕ್‌ನ ಎರಡು ತಂತಿಗಳನ್ನು ಬೇರೇನಕ್ಕೂ ತಾಗಿಸದೆ ಒಂದು ಹಳೆಯ ಹೆಡ್‌ಫೋನ್‌ಗೆ ಸೇರಿಸಿ, ಚೋಕನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಗುಂಯ್ ಎನ್ನುವುದು ಏರುತ್ತದೆ, ಇಳಿಯುತ್ತದೆ, ಒಂದು ಕೋನದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಆ ಕೋನಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಿರುಪು ಹಾಕಿದ್ದೇನೆ. ಆ ಗೆರೆ ಇನ್ನೂ ಇದೆ. ಅದನ್ನು ತೋರಿಸಲು ನನಗೆಷ್ಟು ಉತ್ಸಾಹವೆಂದು ಬೇರೆ ಹೇಳಬೇಕಿಲ್ಲ.

ಎಲ್ಲವನ್ನೂ ಬದಲಿಸಿಲ್ಲ. ಹೊರದಾರಿಯ 100 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಕಿತ್ತು ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕುವವರು ಬಹಳ ಮಂದಿ. ನಾನು ಲೆಕ್ಕ ಹಾಕಿ ನೋಡಿದೆ. 100 ಮೈಕ್ರೋಫ್ಯಾರಡ್, ಎದುರಿಗೆ ಆಂಪ್ಲಿಫೈಯರ್‌ನ 120, ಹೆಡ್‌ಫೋನ್‌ನ 300 ಸೇರಿ ಒಟ್ಟು 420 ಓಮ್ ಇದ್ದರೆ ತಗ್ಗಿನ ಸ್ವರಗಳು ಕ್ಷೀಣಿಸಲು ಶುರುವಾಗುವುದು 4 ಹರ್ಟ್ಸ್ ಹತ್ತಿರ. ಮನುಷ್ಯನ ಕಿವಿ 20ಕ್ಕಿಂತ ಕೆಳಗೆ ಕೇಳುವುದೇ ಇಲ್ಲ. ಅವನ್ನು ಹಾಗೇ ಬಿಟ್ಟೆ. ವಾಲ್ಯೂಮ್ ಪಾಟ್, ಅಂದರೆ ಶಬ್ದ ಏರಿಸಿ ಇಳಿಸುವ ತಿರುಗುಗುಂಡಿಯ ಭಾಗವನ್ನು ಮಾತ್ರ ತೆಗೆದೆ. ಸಣ್ಣ ವಾಲ್ಯೂಮಿನಲ್ಲಿ ಎಡಕ್ಕೂ ಬಲಕ್ಕೂ ಸಮ ಬರುತ್ತಿರಲಿಲ್ಲ, ಗಾಯಕರು ಒಂದು ಪಕ್ಕಕ್ಕೆ ಸರಿದು ಕೂತಂತೆ ಕೇಳಿಸುತ್ತಿತ್ತು. ಈಗ ಅಲ್ಲಿ ಮೆಟ್ಟಿಲುಮೆಟ್ಟಿಲಾಗಿ ತಿರುಗುವ, ಪ್ರತಿ ಮೆಟ್ಟಿಲಿಗೂ ಜೋಡಿ ರೆಸಿಸ್ಟರ್ ಇರುವ ಸ್ವಿಚ್ ಇದೆ. ‘ಸ್ಪೀಡ್‌ಬಾಲ್’ ಎಂಬ ಹೆಚ್ಚುವರಿ ಕಿಟ್ ಕೂಡ ಹಾಕಿದೆ. ಸಂಕೇತ ಏನೇ ಏರಿಳಿದರೂ ವಾಲ್ವ್‌ನಲ್ಲಿ ಹರಿಯುವ ಕರೆಂಟನ್ನು ಅದು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ, ವಿರೂಪ ತಗ್ಗುತ್ತದೆ. ಅದರಲ್ಲಿರುವುದು ಟ್ರಾನ್ಸಿಸ್ಟರ್‌ಗಳು. ವಾಲ್ವ್ ಭಕ್ತರು ಕೆಲವರು ಇದಕ್ಕೆ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಇನ್ನು ವಾಲ್ವ್. ದೊಡ್ಡದು 6080 ಎಂಬ ಮಾದರಿ, ರೇಡಿಯೊಗೆಂದು ಹುಟ್ಟಿದ್ದಲ್ಲ, ಪವರ್ ಸಪ್ಲೈಗಳಲ್ಲಿ ವೋಲ್ಟೇಜು ಸ್ಥಿರವಾಗಿಡಲು ಮಾಡಿದ್ದು. ಅದನ್ನು ಒಳಗಿನಿಂದ ಕಾಯಿಸುವ ಹೀಟರ್ ಒಂದೇ 6.3 ವೋಲ್ಟ್‌ನಲ್ಲಿ 2.5 ಆಂಪಿಯರ್, ಅಂದರೆ ಸುಮಾರು 16 ವ್ಯಾಟ್ ಎಳೆಯುತ್ತದೆ. ಎಚ್‌ಡಿ 600 ಜೋರಾಗಿ ಹಾಡಲು 3 ಮಿಲಿವ್ಯಾಟ್ ಸಾಕು. ಈ ಲೆಕ್ಕ ಕೇಳಿ ಬೈಯುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಚಿಕ್ಕದು 12ಎಯು7. ಯುರೋಪಿನವರ ಹೆಸರಿನಲ್ಲಿ ಅದೇ ಇಸಿಸಿ 82, ಪಿನ್ ಜೋಡಣೆಯೂ ಒಂದೇ. ನಾನು ಹಾಕಿರುವುದು ಬಿಇಎಲ್ ಮಾಡಿದ ಇಸಿಸಿ 82. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಹಳೆಯ ರೇಡಿಯೊ ರಿಪೇರಿ ಅಂಗಡಿಯೊಂದು ಮುಚ್ಚುವಾಗ ಡಬ್ಬಿಯ ತಳದಲ್ಲಿ ಇದು ಸಿಕ್ಕಿತು. ಶಬ್ದ ಬದಲಾಯಿತೇ ಎಂದು ಕೇಳಬೇಡಿ, ಕಿಟ್‌ನ ಜೊತೆ ಬಂದದ್ದಕ್ಕೂ ಇದಕ್ಕೂ ನನ್ನ ಕಿವಿಗೆ ಭೇದ ತಿಳಿಯುವುದಿಲ್ಲ. ಗಾಜಿನ ಮೇಲೆ ಅರ್ಧ ಅಳಿಸಿದ ಆ ಮೂರು ಅಕ್ಷರ ಕಂಡರೆ ಹೆಮ್ಮೆಯಾಗುತ್ತದೆ. ಕಿಟ್ ಸಮುದ್ರದಾಚೆಯಿಂದ ಬಂದಿದೆ, ಒಳಗಿನ ಒಂದು ವಾಲ್ವ್ ಆದರೂ ನಮ್ಮೂರಿನದು.

ಕೇಳಲಿ ಎಂದು ನಾನು ಕಾಯುವ ಇನ್ನೊಂದು ಪ್ರಶ್ನೆ “ನಾನೂ ಕಟ್ಟಬಹುದೇ?” ಎಂಬುದು. ಕಟ್ಟಬಹುದು. ಮೊದಲು ನಿಮ್ಮ ಹೆಡ್‌ಫೋನ್ ಎಷ್ಟು ಓಮಿನದು ನೋಡಿ. 32 ಓಮಿನದಾದರೆ ಈ ಕಿಟ್ ಬೇಡ, ಹೊರದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಬೇರೆ ವಿನ್ಯಾಸ ಹುಡುಕಿ. ಒಳ್ಳೆಯ ಸೋಲ್ಡರಿಂಗ್ ಐರನ್ ಮತ್ತು ಮಲ್ಟಿಮೀಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಮೀಟರ್‌ನಲ್ಲಿ ಜಿಪುಣತನ ಬೇಡ. ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟಿಗೆ ಹೊಂದುವಂತೆ ಜೋಡಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಕೈಪಿಡಿಯಲ್ಲಿ ಹೇಳಿದ ರೆಸಿಸ್ಟೆನ್ಸ್ ಅಳತೆಗಳೆಲ್ಲ ತಾಳೆಯಾಗುವವರೆಗೆ ಪ್ಲಗ್ ಸಿಕ್ಕಿಸಬೇಡಿ. ಒಳಗೆ 100 ವೋಲ್ಟ್ ದಾಟಿದ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತದೆ. ಕರೆಂಟಿರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದಿರಲಿ. ಆಫ್ ಮಾಡಿದ ಮೇಲೆ ಪ್ರತಿ ಕೆಪಾಸಿಟರ್‌ಗೂ ಮೀಟರ್ ಹಿಡಿದು, ಅಂಕಿ 5 ವೋಲ್ಟ್‌ಗಿಂತ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕಿ.