ಅಕ್ಕಿ ತೊಳೆದ ನೀರಿನ ಪಾಲು

ನಮ್ಮ ಬಾಲ್ಕನಿಯ ಮೊದಲ ಜೇಡ್ ಗಿಡ ಸತ್ತದ್ದು ಬಾಯಾರಿಕೆಯಿಂದಲ್ಲ, ಕುಡಿದು ಕುಡಿದು. 2022ರ ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ತಂದ, ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡವದು. ಅದೇ ವಾರ ತೀರ್ಥಹಳ್ಳಿಯಿಂದ ಅತ್ತೆ ಬಂದರು. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಸಂಜೆ ಬೇಳೆ ತೊಳೆದ ನೀರು. ತುಳಸಿಗೆ, ಕರಿಬೇವಿಗೆ, ದಾಸವಾಳಕ್ಕೆ ಸಂದ ಪಾಲು ಇದಕ್ಕೂ ಸಂದಿತು. ಪಂಕ್ತಿಭೇದ ಅವರ ಜಾಯಮಾನವಲ್ಲ.

ಮೂರನೆಯ ವಾರ ಎಲೆಗಳು ಸುಕ್ಕಾದವು. ಪಾಪ, ಬಾಯಾರಿದೆ ಎಂದು ನಾನೇ ಇನ್ನೊಂದು ಚೊಂಬು ಸುರಿದೆ. ಎರಡು ದಿನ ಕಳೆಯುವಷ್ಟರಲ್ಲಿ ಮುಟ್ಟಿದರೆ ಎಲೆ ಉದುರುತ್ತಿತ್ತು. ಬುಡ ಹಿಡಿದು ಮೆಲ್ಲಗೆ ಎತ್ತಿದರೆ ಗಿಡ ಹಾಗೇ ಕೈಗೆ ಬಂತು. ಬೇರಿದ್ದ ಜಾಗದಲ್ಲಿ ಕಂದು ಲೋಳೆ, ಕೊಳೆತ ಈರುಳ್ಳಿಯ ವಾಸನೆ. ಬೇರೇ ಇಲ್ಲದ ಮೇಲೆ ನೀರು ಮೇಲೇರುವುದೆಲ್ಲಿಂದ? ಒದ್ದೆ ಮಣ್ಣಿನಲ್ಲಿ ನಿಂತುಕೊಂಡೇ ಅದು ಒಣಗುತ್ತಿತ್ತು. ಈಗ ಎಲೆ ಸುಕ್ಕಾದರೆ ಚೊಂಬು ಹುಡುಕುವ ಮೊದಲು ಮಣ್ಣಿಗೆ ಬೆರಳಿಡುತ್ತೇನೆ. ಪುಡಿ ಪುಡಿಯಾಗಿದ್ದರೆ ದಾಹ. ಬೆರಳಿಗೆ ಮಣ್ಣು ಅಂಟಿದರೆ ಗಿಡ ಕಿತ್ತು ಬೇರು ನೋಡಬೇಕು.

ತುದಿಯಲ್ಲಿ ಗೇಣುದ್ದದ ಒಂದು ಕೊಂಬೆ ಮಾತ್ರ ಗಟ್ಟಿಯಾಗಿತ್ತು. ಒಳಗಿನ ತಿರುಳಿನಲ್ಲಿ ಕಂದು ಕಾಣದಾಗುವವರೆಗೂ ಸವರುತ್ತಾ ಹೋಗಿ, ಉಳಿದದ್ದನ್ನು ಫ್ರಿಜ್ಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಐದು ದಿನ ಮಲಗಿಸಿದೆ. ಕತ್ತರಿಸಿದ ಗಾಯ ಹಕ್ಕಳೆ ಕಟ್ಟಬೇಕು, ಇಲ್ಲವಾದರೆ ಮತ್ತೆ ಕೊಳೆಯುತ್ತದೆ. ಅತ್ತೆಗೆ ಆ ಐದು ದಿನ ಕೂಸನ್ನು ಉಪವಾಸ ಕೆಡವಿದಷ್ಟು ಸಂಕಟ. ಆಮೇಲೆ ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು ಸಮಸಮ ಬೆರೆಸಿ, ತೂತಿರುವ ಮಣ್ಣಿನ ಕುಂಡದಲ್ಲಿ ನೆಟ್ಟೆ. ನೀರು ಹಾಕಿದ್ದು ಮತ್ತೆ ಒಂದು ವಾರ ಬಿಟ್ಟು.

ಅಂದಹಾಗೆ, ಇಲ್ಲಿ ಜೇಡ್ ಎಂದು ಮಾರುವುದರಲ್ಲಿ ಎರಡು ಬಗೆ. ಹೆಬ್ಬೆರಳಗಲದ ಎಲೆಯದು ಕ್ರಾಸುಲಾ ಒವೇಟಾ. ನನ್ನದು ಉಗುರಿನಷ್ಟೇ ಎಲೆಯ, ಕೆಂಪು ಕಾಂಡದ ಪೋರ್ಚುಲಕೇರಿಯಾ ಆಫ್ರಾ. ಎರಡಕ್ಕೂ ದಕ್ಷಿಣ ಆಫ್ರಿಕಾ ತವರು. ನನ್ನ ಗಿಡದ ನೆಂಟರನ್ನು ಅಲ್ಲಿ ಆನೆಗಳು ಮೇಯುತ್ತವೆ. ಮುರಿದು ಬಿದ್ದ ಕೊಂಬೆ ನೆಲದಲ್ಲೇ ಬೇರು ಬಿಟ್ಟು ಚಿಗುರುತ್ತದೆ. ಆನೆಯ ಬಾಯಿಗೆ ಸಿಕ್ಕರೂ ಬದುಕುವ ಗಿಡವನ್ನು ಅತ್ತೆ ಸೊಸೆ ಸೇರಿ ಚೊಂಬಿನಲ್ಲಿ ಕೊಂದೆವು!

ಆ ಕೊಂಬೆ ಈಗ ಸೊಂಟದೆತ್ತರದ ಪೊದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು, ಮಳೆಗಾಲದಲ್ಲಿ ಗೋಡೆಯ ಪಕ್ಕಕ್ಕೆ ಸರಿಸಿ ಬಹುತೇಕ ಮರೆತೇಬಿಡುತ್ತೇನೆ. ಹೋದ ವರ್ಷ ಕೊಂಬೆಗಳ ಸಂದಿಯಲ್ಲಿ ಹತ್ತಿಯಂತೆ ಹಿಟ್ಟು ತಿಗಣೆ ಕಟ್ಟಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಂದೊಂದನ್ನೇ ಒರೆಸಿ ತೆಗೆಯಲು ಎರಡು ಭಾನುವಾರ ಹಿಡಿಯಿತು.

ಈ ಸಲ ಊರಿಗೆ ಹೊರಟಾಗ ಅತ್ತೆ ಒಂದು ಕೊಂಬೆ ಕೇಳಿ ತೆಗೆದುಕೊಂಡು ಹೋದರು. ತೀರ್ಥಹಳ್ಳಿಯ ಮಳೆ ನೆನೆದು ನನಗೆ ಪುಕಪುಕ. ಇರಚಲು ತಾಗದಂತೆ ಜಗಲಿಯ ಒಳಗಿನ ಕಿಟಕಿಯಲ್ಲಿ ಇಟ್ಟಿದ್ದಾರಂತೆ. ಮೊನ್ನೆ ಫೋನಿನಲ್ಲಿ ಕುಶಲವನ್ನೂ ಕೇಳದೆ ಶುರು ಮಾಡಿದರು: "ಇವತ್ತಿಗೆ ಹದಿನೆಂಟು ದಿನ ಆಯಿತು, ತೊಟ್ಟು ನೀರು ಹಾಕಿಲ್ಲ. ಇನ್ನೂ ಎಷ್ಟು ದಿನ ಸುಮ್ಮನೆ ಕೂರಬೇಕು ಮಾರಾಯ್ತಿ?"